ಕರಡಿಯ ನೆಪದ ಬಂದೂಕು

ನನ್ನ ಗಂಡ ಡೆಲ್ಬರ್ಟ್ ಕ್ಲಿಂಗರ್ ಸುಳ್ಳು ಹೇಳುವವನಲ್ಲ, ಬೇಟೆಯ ವಿಷಯವೊಂದನ್ನು ಬಿಟ್ಟು. ಪೆನ್ಸಿಲ್ವೇನಿಯಾದ ನಮ್ಮ ಬೆಟ್ಟಸೀಮೆಯಲ್ಲಿ ಅಷ್ಟಕ್ಕೆ ಮಾಫಿ ಉಂಟು.

ಕ್ರಿಸ್‌ಮಸ್ ಮುಗಿಯುತ್ತಲೇ ಇಲ್ಲಿ ಹಳೇ ಕಾಲದ ಬಂದೂಕಿನವರ ಜಿಂಕೆ ಬೇಟೆ ಶುರು. ನಳಿಗೆಯ ಬಾಯಿಗೆ ಮದ್ದು ಸುರಿದು, ಗುಂಡು ಜಡಿದು, ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸುವ ಉದ್ದನೆಯ ಬಂದೂಕು. ಡೆಲ್ಬರ್ಟ್‌ನದು ಹನ್ನೊಂದು ಪೌಂಡ್ ತೂಕ, ಅವನಿಗೆ ಎಪ್ಪತ್ತಮೂರು. ಹೋದ ಚಳಿಗಾಲ ಅದನ್ನು ಹೊತ್ತು ಕಟ್ಲರ್ ದಿಣ್ಣೆಯ ಅರ್ಧ ಹತ್ತಿದವನು, ಕಾಲು ಮರಗಟ್ಟಿತು ಎಂದು ಇಳಿದುಬಿಟ್ಟ. ನೋಯುತ್ತಿದ್ದದ್ದು ಭುಜ. ಅವನ ಬೇಟೆ ಗೆಳೆಯ ಮೆರ್ಲ್ ಹಾಫರ್ ಎಲ್ಲರೆದುರೇ, "ಮುಂದಿನ್ ವರ್ಷ ನೀನು ಕೆಳಗೇ ಕೂತು ಸೂಪ್ ಕುದಿಸಪ್ಪ" ಅಂದ. ಬೇಟೆಯವರ ಗುಡಿಸಿಲಲ್ಲಿ ಒಮ್ಮೆ ಸೌಟು ಹಿಡಿದವನು ಮತ್ತೆ ದಿಣ್ಣೆ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಡೆಲ್ಬರ್ಟ್‌ಗೆ ಆ ಸೌಟಿನದೇ ಹೆದರಿಕೆ.

ಬಂದೂಕು ಮಾಡುವ ರೂಲ್‌ನ ಅಂಗಡಿಗೆ ಅವನನ್ನು ನಾನೇ ಎಳೆದುಕೊಂಡು ಹೋದೆ. ರೂಲ್ ತೆಳು ನಳಿಗೆಯದೊಂದನ್ನು ಕೈಗಿತ್ತ. ಡೆಲ್ಬರ್ಟ್ ಗುರಿ ಹಿಡಿದರೆ, ಉಸಿರಾಡಿದಾಗಲೆಲ್ಲ ಅದರ ಮೂತಿ ತೂಗಾಡಿತು.

"ಇದೇನು ಬಂದೂಕೋ, ಹಸುವಿನ ಬಾಲವೋ?"

"ಹಾಗಾದ್ರೆ ಗಿಡ್ಡದು ನೋಡ್ತೀಯಾ?" ಅಂದ ರೂಲ್.

"ಮೆರ್ಲ್ ಆಟದ ಸಾಮಾನು ಅಂತಾನೆ."

"ನೀನು ಬೇಟೆಗೆ ಹೋಗೋದು ಜಿಂಕೆಗೋ, ಮೆರ್ಲ್‌ಗೋ?" ಅಂದೆ ನಾನು.

ರೂಲ್ ಗಡ್ಡ ಕೆರೆದುಕೊಂಡ. "ಉದ್ದ, ದಪ್ಪ ಎಲ್ಲಾ ಹಾಗೇ ಇರ್ಲಿ. ಒಳಗಿನ ತೂತು ದೊಡ್ಡದಿರೋ ನಳಿಗೆ ಹಾಕೋಣ. ಅಷ್ಟು ಕಬ್ಬಿಣ ಕಮ್ಮಿ, ಅಷ್ಟು ಭಾರ ಕಮ್ಮಿ. ನೋಡೋರಿಗೆ ಗುಂಡು ದಪ್ಪ ಆಯ್ತು, ಅಷ್ಟೆ."

ಡೆಲ್ಬರ್ಟ್‌ನ ಮುಖ ಅರಳಿದ್ದು ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. ಮುಂದಿನ ಭಾನುವಾರ ಊರವರೆಲ್ಲ ಸೇರುವ ತಿಂಡಿಯ ಹೊತ್ತಿಗೆ ಸಾರಿಯೇಬಿಟ್ಟ: "ಕರಡಿಗೆ ಅಂತ ಮಾಡಿಸ್ತಿದ್ದೀನಿ. ಸಣ್ಣ ಗುಂಡು ಯಾಕೋ ಸಪ್ಪೆ."

"ಕರಡಿ ಗಟ್ಟಿ ಜೀವ ಬಿಡು, ಗುಂಡಿಗಲ್ಲ, ನಿನ್ನ ನೋಡಿ ನಕ್ಕೇ ಸಾಯುತ್ತೆ," ಅಂದ ಮೆರ್ಲ್. ನಾನು ನಗು ತಡೆಯಲು ಬಾಯಿಗೆ ಪ್ಯಾನ್‌ಕೇಕ್ ತುರುಕಿಕೊಂಡೆ.

ಬೇಟೆಯ ದಿನ ಹಿಮ ಮೊಣಕಾಲುದ್ದ. ಕಾಫಿಯ ಫ್ಲಾಸ್ಕ್ ಹೊತ್ತುಕೊಂಡು ನಾನೂ ಹಿಂದೆ ಹೋದೆ. ಡೆಲ್ಬರ್ಟ್ ದಿಣ್ಣೆ ಹತ್ತೇಬಿಟ್ಟ. ಅವನು ಸುಧಾರಿಸಿಕೊಳ್ಳುವ ಮೊದಲೇ ಮೆರ್ಲ್ ಏದುಸಿರು ಬಿಡುತ್ತ ಬಂದು ಪಕ್ಕದ ದಿಮ್ಮಿಯ ಮೇಲೆ ಕುಸಿದ. ಅಷ್ಟರಲ್ಲಿ ಕೊಂಬಿನ ಜಿಂಕೆಯೊಂದು ಎದುರಿಗೇ ನಡೆದು ಬಂತು, ನಿಂತಿತು, ಇಬ್ಬರನ್ನೂ ನೋಡಿತು, ಹೋಯಿತು. ಬಂದೂಕು ಎತ್ತಲು ಇಬ್ಬರಿಗೂ ಉಸಿರಿರಲಿಲ್ಲ.

"ಎಷ್ಟು ಇಳೀತು?" ಮೆರ್ಲ್ ಮೆಲ್ಲಗೆ ಕೇಳಿದ.

"ಏನು?"

"ಭಾರ ಕಣೋ. ಮೂರು ವರ್ಷದ ಹಿಂದೆ ನಾನೂ ಕರಡಿಗೆ ಅಂತ ದಪ್ಪ ತೂತಿಂದು ಮಾಡಿಸಿದೆನಲ್ಲ, ಯಾಕೆ ಅಂದ್ಕೊಂಡೆ?"

ಡೆಲ್ಬರ್ಟ್ ಬಂದೂಕನ್ನು ತೊಡೆಯ ಮೇಲಿಟ್ಟು ಸವರಿದ. "ಒಂದು ಪೌಂಡ್," ಅಂದ ಕೊನೆಗೆ. "ಮತ್ತೆ ನನ್ನನ್ನ ಯಾಕೋ ಹಾಗೆ ಆಡ್ಕೊಂಡೆ?"

"ನೀನು ಬೇಟೆ ಬಿಟ್ರೆ ನಾನೂ ಮರ್ಯಾದೆಯಿಂದ ಬಿಡಬಹುದು ಅಂತ ಕಾಯ್ತಿದ್ದೆ. ನೀನು ನೋಡಿದ್ರೆ ಹೊಸ ಬಂದೂಕು ತಂದೆ."

ಇಬ್ಬರ ತಲೆಯನ್ನೂ ಡಿಕ್ಕಿ ಹೊಡೆಸಬೇಕು ಅನ್ನಿಸಿತು ನನಗೆ. ಕಣ್ಣೂ ತುಂಬಿತು.

"ಹಂಗಾದ್ರೆ ಮುಂದಿನ್ ವರ್ಷ ಬರಲ್ವಾ?" ಡೆಲ್ಬರ್ಟ್‌ನ ದನಿ ಸಣ್ಣಗಾಗಿತ್ತು.

"ನೀನು ಬಂದ್ರೆ ಬರದೆ ಏನ್ಮಾಡ್ಲಿ, ಪಾಪಿ. ಮೊದಲು ಕೈ ಕೊಡು, ಏಳೋಕಾಗ್ತಿಲ್ಲ."