ಯಾರ ಗದ್ದೆ ಮೊದಲು

“ಹೆಗಡೇರೇ, ದುಡ್ಡು ಇವ್ರ ಹಾರ್ಟ್ ಆಪರೇಶನ್ನಿಗೇ ಕಟ್ಟಿ. ನನ್ನ ಕ್ಯಾನ್ಸರ್ ಗಡ್ಡೆಗೆ ಏನೂ ಅವಸರ ಇಲ್ಲ.”

ಶಿರಸಿಯಿಂದ ಹುಬ್ಬಳ್ಳಿ ಆಸ್ಪತ್ರೆಗೆ ಹೊರಟವರು ಎಕ್ಕಂಬಿಯಲ್ಲಿ ಚಾ ಕುಡಿಯಲು ಕಾರು ನಿಲ್ಲಿಸಿದ್ದೆವು. ಗಂಡ ರಾಮಣ್ಣ ಕೆಳಗಿಳಿದದ್ದೇ ತಡ, ನಮ್ಮ ನೆರೆಮನೆಯ ಗಂಗಕ್ಕ ಹಿಂದಿನ ಸೀಟಿನಿಂದ ಹೀಗೆ ಪಿಸುಗುಟ್ಟಿದರು. ನಾನು ಇಳಿದರೆ ರಾಮಣ್ಣ ತೋಳು ಹಿಡಿದು, “ಅವ್ಳದ್ದು ಮೊದ್ಲಾಗ್ಲಿ, ಅವ್ಳಿಗೆ ಹೇಳ್ಬೇಡಿ” ಅಂದರು.

ಊರವರು ಕೂಡಿಸಿ ನನ್ನ ಕೈಗಿತ್ತ ದುಡ್ಡು ಒಬ್ಬರ ಆಪರೇಶನ್ನಿಗಷ್ಟೇ ಸಾಕಾಗುತ್ತಿತ್ತು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಫೋನು ಮಾಡುವ ಪ್ರಾಣಿ ನಾನು. ಎರಡು ಗುಟ್ಟು ಹೊರುವುದು ನನ್ನಿಂದಾಗುವ ಕೆಲಸವೇ? ಮುಂಡಗೋಡು ಬರುವುದರೊಳಗೆ ಇಬ್ಬರ ಮಾತನ್ನೂ ಇಬ್ಬರೆದುರೇ ಒದರಿಬಿಟ್ಟೆ.

ರಾಮಣ್ಣ ಹೆಂಡತಿಯತ್ತ ತಿರುಗಿ ಕೇಳಿದರು, “ಅಲ್ವೇ, ಒಬ್ರ ಗದ್ದೆಗೆ ಒಬ್ರು ಹೋಗಿ ಮುಯ್ಯಾಳು ಮಾಡ್ಕಂಡು ನಟ್ಟಿ ಮಾಡೋವಾಗ ಯಾರ ಗದ್ದೆ ಮೊದ್ಲು ಹಿಡೀತೇವೆ?”

“ನೀರು ಬೇಗ ಇಂಗೋ ಗದ್ದೆ,” ಗಂಗಕ್ಕ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು.

“ಹಂಗಾರೆ ಯಾರದ್ದು ಇಂಗ್ತದೆ ಅಂತ ಡಾಕ್ಟರೇ ಹೇಳ್ಲಿ. ನೀ ಹೇಳೂದು ಬೇಡ.”

ಗಂಗಕ್ಕನದು ತಡಮಾಡುವಂತಿಲ್ಲ ಎಂದರು ಡಾಕ್ಟರು. ಅವರದೇ ಮೊದಲಾಯಿತು.

ಈಗ ರಾಮಣ್ಣನ ಆಪರೇಶನ್ನಿನ ದುಡ್ಡಿಗಾಗಿ ಮನೆಮನೆ ತಿರುಗುತ್ತಿದ್ದೇನೆ. ಕೇಳಲು ಸಂಕೋಚವಾಗಿ ಗೇಟಿನ ಹೊರಗೆ ಕೆಮ್ಮುತ್ತ ನಿಲ್ಲುವವನು ನಾನು. ಹೊಲಿಗೆ ಇನ್ನೂ ಪೂರ್ತಿ ಮಾಯದ ಗಂಗಕ್ಕ ಜೊತೆಗೆ ಬರುತ್ತಾರೆ. ನಾನು ಮಾತು ಹುಡುಕುವುದರೊಳಗೆ ಅವರು ಜಗಲಿಯ ಮೇಲೆ ಕುಳಿತು, ಬಂದ ಕಾರಣ ಹೇಳಿ ಮುಗಿಸಿರುತ್ತಾರೆ.