ಗೇಟಿನಾಚೆ ಹೋದ ಅರ್ಧ ಬಳಪ

ಅರ್ಧ ಬಳಪ ಹಿಡಿದು ಪುಟಾಣಿ ಆಯಿಷಾ ತರಗತಿಯಿಂದ ಗೇಟಿನತ್ತ ಓಡಿಯೇಬಿಟ್ಟಳು.

ಯಲಹಂಕದ ಸರ್ಕಾರಿ ಶಾಲೆಯಲ್ಲಿ ನಾನು ಒಂದನೇ ತರಗತಿಯ ಟೀಚರ್. ಓದುವ ಅವಕಾಶ ಎಲ್ಲರಿಗೂ ಸಿಗಬೇಕೆಂದು ತಿಳಿಸಲು ಅಂದು ಕೆಲವು ಮಕ್ಕಳಿಗಷ್ಟೇ ಬಳಪ ಕೊಟ್ಟು, "ಇದು ಸರೀನಾ?" ಎಂದು ಕೇಳಿದ್ದೆ. ಸಿಕ್ಕವರೆಲ್ಲ ಬಳಪ ಮುರಿದು ಪಕ್ಕದವರಿಗೆ ಕೊಟ್ಟರು. ಆಯಿಷಾ ಮಾತ್ರ ಉಳಿದ ತನ್ನ ಅರ್ಧವನ್ನೂ ಹೊರಗೆ ಒಯ್ದಳು. ಅಲ್ಲಿ ಅವಳ ಅಕ್ಕ ನೂರಿ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ತಂಗಿಯನ್ನು ದಿನಾ ಶಾಲೆಗೆ ಬಿಡುತ್ತಿದ್ದ ಹುಡುಗಿ, ತಮ್ಮನನ್ನು ನೋಡಿಕೊಳ್ಳಬೇಕಾದ್ದರಿಂದ, ತಾನು ಮಾತ್ರ ಶಾಲೆಗೆ ಸೇರಿರಲಿಲ್ಲ.

"ಮಿಸ್, ನಮ್ಮಕ್ಕಂಗೆ ಕೊಡೋದು ಮರ್ತೋಯ್ತಾ?" ಹಿಂದೆಯೇ ಬಂದ ನನ್ನನ್ನು ಆಯಿಷಾ ಕೇಳಿದಳು.

ಸಂಜೆಯೇ ಅವರಮ್ಮನ ಜೊತೆ ಮಾತಾಡಿದೆ. ಈಗ ಆ ಪುಟ್ಟ ತಮ್ಮ ಅಂಗನವಾಡಿಯಲ್ಲಿದ್ದಾನೆ, ನೂರಿ ನಮ್ಮ ಶಾಲೆಯಲ್ಲಿ.

ಹಾಜರಿ ಕೂಗುವ ಮೊದಲು ನಾನೀಗ ಗೇಟಿನಾಚೆ ಒಮ್ಮೆ ನೋಡುತ್ತೇನೆ. ಹಾಗೆ ನೋಡುವುದನ್ನು ಕಲಿಸಿದ ಆಯಿಷಾಗೆ ನಾನು ಋಣಿ.