ತುಂಬದೆ ಉಳಿದ ಬಫರು

ನನ್ನ ಪಾಲುದಾರನ ಬಲಗಿವಿಯ ಮೇಲೆ ಹೆಡ್‌ಫೋನು ಒತ್ತಿದ ಕೆಂಪು ಗೆರೆ ಸದಾ ಇರುತ್ತಿತ್ತು. ಎಡಗಿವಿಯಾಗಿದ್ದರೂ ಇರಬಹುದು. ನೆನಪು ತನಗೆ ಅನುಕೂಲವಾದ ಕಡೆ ಕೂರುತ್ತದೆ.

ಹೊಳೆನರಸೀಪುರದಲ್ಲಿ ನಮ್ಮಿಬ್ಬರದೊಂದು ಅಂಗಡಿ. ಹಳೆಯ ಕ್ಯಾಸೆಟ್ಟಿನ ದನಿಯನ್ನು ಕಂಪ್ಯೂಟರಿಗೆ ಇಳಿಸಿ, ಮೊಬೈಲಿಗೆ ಹೊಂದುವಂತೆ ರೀಸ್ಯಾಂಪಲ್ ಮಾಡಿ ಕೊಡುವುದು ಕೆಲಸ. ಪ್ರೋಗ್ರಾಂ ಬರೆದವನು ನಾನು. ದನಿಯನ್ನು ತುಂಡುತುಂಡಾಗಿ ಬಫರಿಗೆ, ಅಂದರೆ ಕ್ಷಣಕಾಲ ಹಿಡಿದಿಡುವ ಜಾಗಕ್ಕೆ, ತುಂಬುವುದು, ತುಂಬಿದೊಡನೆ ಪರಿವರ್ತಿಸಿ ಹೊರಗೆ ಬಿಡುವುದು, ಮತ್ತೆ ತುಂಬುವುದು. ಬಫರು ದೊಡ್ಡದಾದಷ್ಟೂ ಕೆಲಸ ಬೇಗ ಎಂದು ಹಲವು ಸೆಕೆಂಡು ಹಿಡಿಯುವಷ್ಟು ದೊಡ್ಡದು ಮಾಡಿ ಬೀಗಿದ್ದೆ. ಅವನು ನೋಡಿ, "ಬೇಗವೇನೋ ಆಯ್ತದೆ ಕಣ್ಲಾ" ಎಂದಷ್ಟೇ ಅಂದ. ಆ 'ವೇನೋ' ನನ್ನ ಮೈ ಉರಿಸಿತು. ಗಿರಾಕಿಗಳೂ ಬಾಗಿಲಲ್ಲೇ ನಿಂತು, "ಇನ್ನೊಬ್ರು ಸಾರ್ ಇಲ್ವಾ?" ಎಂದು ಅವನಿಗಾಗಿ ನನ್ನನ್ನೇ ಕೇಳುತ್ತಿದ್ದರು.

ನಾನು ಮೊದಲು ಪರಿವರ್ತಿಸಿದ್ದು ಅವ್ವನ ಕ್ಯಾಸೆಟ್ಟು. ಹರದನಹಳ್ಳಿಯ ಮನೆಯಲ್ಲಿ ಹಾಡಿದ ಸೋಬಾನೆ. ಕೊನೆಗೆ, ರೆಕಾರ್ಡರು ಇನ್ನೂ ಓಡುತ್ತಿರುವುದು ತಿಳಿಯದೆ, "ಉಣ್ಣಕ್ ಬಾ ಲಾ, ಮುದ್ದೆ ಆರೋಯ್ತದೆ..." ಪರಿವರ್ತಿಸಿದ ಕಡತ ಅಲ್ಲಿಗೆ ತುಂಡು. ಇಳಿಸಿದ ಮೇಲೆ ಕ್ಯಾಸೆಟ್ಟಿನ ಟೇಪು ಹರಿದುಹೋಯಿತು. ಅವ್ವ ಹೋದ ಮೇಲೆ, ಟೇಪು ಅಲ್ಲಿಗೇ ಮುಗಿದಿತ್ತೆಂದು ಎಲ್ಲರಿಗೂ ಹೇಳಿದೆ. ಹೇಳಿ ಹೇಳಿ ನಾನೂ ನಂಬಿದೆ. ಪರಿವರ್ತಿಸುವ ಮೊದಲು ಇಳಿಸಿಟ್ಟಿದ್ದ ಮೂಲ ಕಡತವನ್ನು ತೆರೆದು ಕೇಳಲೇ ಇಲ್ಲ.

ಒಂದು ಮಧ್ಯಾಹ್ನ ಅವನೆಂದ: "ಲೇ, ನಿನ್ ಪ್ರೋಗ್ರಾಂ ಪೂರ್ತಿ ತುಂಬಿದ್ ಬಫರ್ನ ಮಾತ್ರ ಈಚೆಗೆ ಬಿಡ್ತದೆ. ಕೊನೇದು ಅರ್ಧ ತುಂಬಿದ್ರೆ ಒಳಗೇ ಉಳ್ಕತದೆ."

"ಕೊನೇಲಿ ಏನಿರ್ತದೆ? ಬರೀ ಗೊರಗೊರ."

"ತ್ವಾಟದಲ್ಲಿ ಡ್ರಿಪ್ಪಿಗೆ ಗೊಬ್ಬರ ಬಿಟ್ಮೇಲೆ ಸಾದಾ ನೀರು ಬಿಡಕಿಲ್ವಾ, ಪೈಪಲ್ಲಿ ಉಳಿದದ್ದು ಗಿಡಕ್ಕೆ ಓಗ್ಲಿ ಅಂತ? ಅಂಗೇ ಕಣ. ಇಲ್ಲಿ ಒಸಿ ಮೌನ ಬಿಡು."

ಎರಡೇ ಸಾಲು ಬರೆದ. ಕೊನೆಯ ಬಫರಿನ ಖಾಲಿ ಜಾಗಕ್ಕೆ ಮೌನ ತುಂಬಿ ಹೊರಗೆ ತಳ್ಳುವ ಸಾಲು. ಪರೀಕ್ಷೆಗೆ ಆರಿಸಿದ್ದು ಅವ್ವನ ಮೂಲ ಕಡತವನ್ನೇ. ಮೊದಲು ತಾನು ಕೇಳಿದ. ಹೆಡ್‌ಫೋನು ನನ್ನ ತಲೆಗೆ ಏರಿಸಿ, ಟೀ ಕುಡಿಯಲು ಹೊರಟುಹೋದ.

"ಮುದ್ದೆ ಆರೋಯ್ತದೆ. ನಿನ್ ಜೊತೆಗಾರನ್ನೂ ಕರ್ಕಂಡ್ ಬಾ. ಅವ್ನಿಗೇ ಅಂತ ಉಪ್ಸಾರು ಮಾಡಿವ್ನಿ."

ಕಳೆದ ವರ್ಷ ಅವನು ತೀರಿಕೊಂಡ. ಆ ಎರಡು ಸಾಲು ಈಗಲೂ ಓಡುತ್ತವೆ. ಅರಕಲಗೂಡು, ಚನ್ನರಾಯಪಟ್ಟಣದ ಎಷ್ಟೋ ಮನೆಗಳ ಕೊನೆಯ ಮಾತು ಅವುಗಳಿಂದ ಉಳಿದಿದೆ. ಅಳಿಸುವ ಧೈರ್ಯ ನನಗಿಲ್ಲ. ಅವ್ವನ ಕಡತ ಮಾತ್ರ ಎರಡನ್ನೂ, ಹಳೆಯ ತುಂಡಾದದ್ದನ್ನೂ ಪೂರ್ತಿಯಾದದ್ದನ್ನೂ, ಇಟ್ಟುಕೊಂಡಿದ್ದೇನೆ. ಕೇಳಬೇಕೆನಿಸಿದಾಗ ಹಾಕುವುದು ಹಳೆಯದನ್ನೇ. ಅದರಲ್ಲಿ ಅವಳು ನನ್ನೊಬ್ಬನನ್ನೇ ಕರೆಯುತ್ತಾಳೆ.